ರಜಾ ಅನ್ನೋ ಸಜಾ!

ಮಕ್ಕಳಿಗೆ ರಜಾ, ಅಪ್ಪನಿಗೆ ಸಜಾ. ಈ ಮಾತು ನಮ್ಮ ಬೀದಿ ತುದಿಯ ಹೋಟೆಲಿನಲ್ಲಿ ಪ್ರತಿ ಏಪ್ರಿಲ್‌ನಲ್ಲೂ ಕೇಳಿಬರುತ್ತದೆ. ಕಾಫಿ ಕುಡಿಯುವ ಗಂಡಸರೆಲ್ಲ ತಲೆಯಾಡಿಸುತ್ತಾರೆ. ನಾನೂ ಆಡಿಸಿದವನೇ. ಆದರೆ 2025ರ ಬೇಸಿಗೆ ನನಗೆ ಕೊಟ್ಟ ಸಜಾ ಬೇರೆ ಥರದ್ದು. ಅದನ್ನು ಬರೀಬೇಕೋ ಬೇಡವೋ ಅಂತ ತಿಂಗಳುಗಟ್ಟಲೆ ಯೋಚನೆ ಮಾಡಿದೆ. ಮತ್ತೆ ಪರೀಕ್ಷೆ, ಫಲಿತಾಂಶ ಅಂತ ಮನೆಮನೆಯಲ್ಲೂ ಮಾತು ನಡೆಯುವಾಗ ಒಬ್ಬರಿಗಾದರೂ ಉಪಯೋಗಕ್ಕೆ ಬಂದೀತು ಅಂತ ಈಗ ಬರೆದೇಬಿಡುತ್ತಿದ್ದೇನೆ.

ನನ್ನ ಸಂಸಾರ ಚಿಕ್ಕದು. ಮಗಳಿಗೆ ಹದಿನಾರು, ಆ ವರ್ಷ ಎಸ್ಸೆಸ್ಸೆಲ್ಸಿ. ಮಗನಿಗೆ ಹದಿಮೂರು. ಬೇಸಿಗೆ ಬಂತೆಂದರೆ ಇಬ್ಬರಿಗೂ ಕಾಲಿಗೆ ಚಕ್ರ. ಏಪ್ರಿಲ್‌ನಲ್ಲಿ ಒಂದು ದಿನ ಬೆಳಗಾಗುವ ಮುಂಚೆ ಎದ್ದು ಸಕ್ರೆಬೈಲಿಗೆ ಹೋಗಿ ಆನೆ ಸ್ನಾನ ನೋಡಿದ್ದಾಯ್ತು. ಭದ್ರಾವತಿಯಲ್ಲಿ ಒಂದು ಮದುವೆ, ತೀರ್ಥಹಳ್ಳಿಯಲ್ಲಿ ಒಂದು ಗೃಹಪ್ರವೇಶ. ಎರಡು ಕಡೆಯೂ ಮಗಳು ಫೋನು ಹಿಡಿದು ಮೂಲೆಯಲ್ಲಿ, ಮಗ ಊಟದ ಪಂಕ್ತಿಯಲ್ಲಿ ಮೊದಲ ಸಾಲಿನಲ್ಲಿ. ನಾನು ಮಧ್ಯಾಹ್ನದೊಳಗೆ ಸುದ್ದಿ ಬರೆದು ಕಳಿಸಬೇಕಲ್ಲ, ಛತ್ರದ ಹಿಂದೆ ಪಾತ್ರೆ ತೊಳೆಯೋ ಜಾಗದಲ್ಲಿ ನಿಂತು ಬರೆದದ್ದೂ ಉಂಟು.

ಟಿಕೆಟ್ಟಿನ ಲೆಕ್ಕ

ದೊಡ್ಡ ಮಕ್ಕಳನ್ನು ಕಟ್ಟಿಕೊಂಡು ತಿರುಗೋದು ಅಂದರೆ ಮೊದಲು ಟಿಕೆಟ್ಟಿನ ಲೆಕ್ಕ. ಮಗನಿಗೆ ಹನ್ನೆರಡು ದಾಟಿತು, ಅರ್ಧ ಟಿಕೆಟ್ಟಿನ ಕಾಲ ಮುಗಿಯಿತು. 2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇಕಡ 15 ಏರಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಅದೇನೋ ಸರಿ. ಕಂಡಕ್ಟರು ತಾಯಿ-ಮಗಳಿಗೆ ಸೊನ್ನೆ ಟಿಕೆಟ್ ಹರಿದು ಕೊಟ್ಟು, ಅಪ್ಪ-ಮಗನ ಕಡೆ ಕೈ ಚಾಚುತ್ತಾನೆ. ಆದರೆ ನಮ್ಮ ಮಲೆನಾಡಿನ ಒಳಗೆ ಹೋದ ಹಾಗೆಲ್ಲ ಖಾಸಗಿ ಬಸ್ಸಿನದೇ ಕಾರುಬಾರು. ಅಲ್ಲಿ ಸೊನ್ನೆ ಟಿಕೆಟ್ ಕೇಳಿದರೆ ಕ್ಲೀನರ್ ಹುಡುಗ ನಗ್ತಾನೆ.

ಹೀಗೆ ನಗುನಗುತ್ತಲೇ ಏಪ್ರಿಲ್ ಮುಗಿಯಿತು. ಮೇ 2, ಶುಕ್ರವಾರ, ಫಲಿತಾಂಶ.

ಮಗಳು ಗಣಿತದಲ್ಲಿ ಹೋಗಿದ್ದಳು. ಬಾಕಿ ಐದು ವಿಷಯ ಪಾಸು, ಕನ್ನಡದಲ್ಲಂತೂ ಒಳ್ಳೆಯ ಅಂಕ. ಒಂದೇ ಒಂದು ವಿಷಯ ಹೋಗಿತ್ತು. ಆದರೂ ನಮ್ಮ ಮನೆಯಲ್ಲಿ ಸೂತಕ. ಪಕ್ಕದ ಮನೆಯಿಂದ ಸಿಹಿ ಬಂತು, ಅವರ ಹುಡುಗ ಪಾಸಾಗಿದ್ದ. ಆ ಡಬ್ಬಿಯನ್ನು ಯಾರೂ ತೆಗೆಯಲಿಲ್ಲ. ನಾನು ಬೈಯಲಿಲ್ಲ, ಹೊಡೆಯಲಿಲ್ಲ. ಮೂರು ದಿನ ಮಗಳ ಹತ್ತಿರ ಮಾತೇ ಆಡಲಿಲ್ಲ. ಅದು ಬೈಗುಳಕ್ಕಿಂತ ಕೆಟ್ಟದ್ದು ಅಂತ ನನಗೆ ಆಗ ಹೊಳೆಯಲಿಲ್ಲ. ಅವಳು ರಾತ್ರಿ ಊಟಕ್ಕೆ ಬರೋದು ಬಿಟ್ಟಳು. ನಾಲ್ಕನೇ ದಿನ ನನ್ನ ಹೆಂಡತಿ ಎರಡು ಬ್ಯಾಗು ಕಟ್ಟಿ ಬಾಗಿಲಲ್ಲಿಟ್ಟು ಹೇಳಿದಳು: 'ಅಮ್ಮನ ಮನೆಗೆ ಹೊರಟೆ. ಬರೋದಾದ್ರೆ ಬನ್ನಿ.'

ಲಾಂಚಿನ ಮೇಲೆ

ನನ್ನ ಅತ್ತೆ ಮನೆ ಇರೋದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಹಳ್ಳಿ. ಸಾಗರದಿಂದ ಬಸ್ಸಿನಲ್ಲಿ ಅಂಬಾರಗೋಡ್ಲು ದಡ ಮುಟ್ಟಿ, ಲಾಂಚು ಹತ್ತಿ, ಆಚೆ ಕಳಸವಳ್ಳಿಯಲ್ಲಿ ಇಳೀಬೇಕಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಆ ಕಡೆಯ ಜನಕ್ಕೆ ಸಾಗರವೇ ಪರದೇಶವಾಯಿತು. ಸಾಯಂಕಾಲದ ಲಾಂಚು ತಪ್ಪಿದರೆ ಬಸುರಿಯಾದರೂ ಸರಿ, ಹಾವು ಕಚ್ಚಿದವನಾದರೂ ಸರಿ, ಬಳಸಿನ ದಾರಿ ಹಿಡೀಬೇಕು, ಇಲ್ಲ ಬೆಳಗಿನ ತನಕ ಕಾಯಬೇಕು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸೋದು ನಿಲ್ಲಿಸಿ ಜನರನ್ನು ಮಾತ್ರ ದಾಟಿಸುತ್ತಿದ್ದರು.

ಆ ಮೇ ತಿಂಗಳಲ್ಲಿ ಲಾಂಚಿನ ಪಕ್ಕದಲ್ಲೇ ಹೊಸ ಸೇತುವೆ ಎದ್ದು ನಿಂತಿತ್ತು. ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರು ಉದ್ದ, ಕೇಬಲ್ಲುಗಳಲ್ಲಿ ತೂಗುಬಿಟ್ಟದ್ದು. ಮಗ ಅದರ ಫೋಟೋ ಹೊಡೆಯೋದರಲ್ಲಿ ಮುಳುಗಿದ್ದ. ಹೆಂಡತಿ ಪರಿಚಯದವರ ಜೊತೆ ಮಾತಿಗೆ ಕೂತಿದ್ದಳು. ಮಗಳು ಕಂಬಿ ಹಿಡಿದು ನೀರು ನೋಡುತ್ತಾ ಒಬ್ಬಳೇ ನಿಂತಿದ್ದಳು. ಆ ನಿಲುವು ನೋಡಿ ನನ್ನ ಎದೆ ಧಸಕ್ಕೆಂದಿತು. ಪೇಪರಿನವನು ನಾನು. ಫಲಿತಾಂಶದ ಮಾರನೇ ದಿನ ಯಾವ್ಯಾವ ಠಾಣೆಯಿಂದ ಏನೇನು ಸುದ್ದಿ ಬರುತ್ತದೆ ಅಂತ ನನಗೆ ಗೊತ್ತು. ಎಷ್ಟೋ ಸುದ್ದಿಯನ್ನು ನಾನೇ ನಾಲ್ಕು ಸಾಲಿನಲ್ಲಿ ಬರೆದಿದ್ದೇನೆ.

ಹೋಗಿ ಪಕ್ಕದಲ್ಲಿ ನಿಂತೆ. ಏನು ಹೇಳಬೇಕು ಅಂತ ತೋಚಲಿಲ್ಲ. ಬಾಯಿಗೆ ಬಂದದ್ದು ನಿಜವಾದ ಮಾತು.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಅದು ಎಲ್ಲರಿಗೂ ಗೊತ್ತು. 'ಬಡತನ ನೋಡಿ, ಬಿಡಬೇಕಾಯ್ತು' ಅಂತ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಮಕ್ಕಳಿಗೂ ಅದನ್ನೇ ಹೇಳಿದ್ದೆ. ಬಡತನ ಇತ್ತು, ಸುಳ್ಳಲ್ಲ. ಆದರೆ ಬಿಟ್ಟಿದ್ದು ಅದಕ್ಕಲ್ಲ. 2005ರಲ್ಲಿ ಎರಡನೇ ವರ್ಷದ ಪಿಯುಸಿಯಲ್ಲಿ ನಾನು ಎರಡು ವಿಷಯದಲ್ಲಿ ಫೇಲಾದೆ. ಪೂರಕ ಪರೀಕ್ಷೆ ಇತ್ತು. ಫೀಜು ಕಟ್ಟಲು ಅಪ್ಪ ದುಡ್ಡೂ ಕೊಟ್ಟಿದ್ದರು. ನಾನು ಕಟ್ಟಲಿಲ್ಲ. ಕಾಲೇಜಿನ ಗೇಟು ದಾಟಿ ಗುಮಾಸ್ತರ ಮುಂದೆ ನಿಲ್ಲೋದಕ್ಕೆ ನಾಚಿಕೆ. ಆ ದುಡ್ಡಲ್ಲಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದೆ, ಪೇಪರು ಹಂಚೋ ಕೆಲಸ ಹಿಡಿದೆ. ಅಪ್ಪ ತೀರಿಕೊಳ್ಳುವ ತನಕ ಆ ವಿಷಯ ಒಂದು ದಿನವೂ ಎತ್ತಲಿಲ್ಲ.

ಇಷ್ಟು ಹೇಳಿದೆ. ಮಗಳು ನನ್ನ ಮುಖ ನೋಡಿದಳು. ಸಮಾಧಾನ ಆಗಿರಬೇಕು ಅಂದುಕೊಂಡೆ. ಆಗಿರಲಿಲ್ಲ.

'ಹಾಗಾದ್ರೆ ಮೂರು ದಿನದಿಂದ ನನ್ನ ಹತ್ರ ಯಾಕೆ ಮಾತಾಡಲಿಲ್ಲ?' ಅಂದಳು.

ಓದುಗ ಮಹಾಶಯರೇ, ಮಂತ್ರಿಗಳು ಹೇಳಿದ್ದನ್ನು ಬರೆದುಕೊಂಡಿದ್ದೇನೆ, ಎಸ್ಪಿಗಳಿಗೆ ಪ್ರಶ್ನೆ ಕೇಳಿದ್ದೇನೆ. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. 'ತಪ್ಪಾಯ್ತು' ಅಂದೆ. ಅಷ್ಟರಲ್ಲಿ ದಡ ಬಂತು.

ಹಪ್ಪಳ ಮತ್ತು ಬೀಜಗಣಿತ

ನೆಟ್‌ವರ್ಕ್ ಬೇಕು ಅಂತ ಹೋರಾಟವನ್ನೇ ಮಾಡಿದ ಸೀಮೆ ಅದು. ಮನೆಯೊಳಗೆ ಫೋನು ಸತ್ತ ಹಾವು. ಮಗ ಕ್ರಿಕೆಟ್ ಸ್ಕೋರಿಗಾಗಿ ದಿನಾ ಗುಡ್ಡ ಹತ್ತಿದ. ಮೇ 9ಕ್ಕೆ ಐಪಿಎಲ್ಲನ್ನೇ ಒಂದು ವಾರ ನಿಲ್ಲಿಸಿದರು, ಭಾರತ-ಪಾಕಿಸ್ತಾನದ ಗಡಿಯಲ್ಲಿ ಗುಂಡು ಹಾರುತ್ತಿತ್ತಲ್ಲ. ಅವನು ಮುಖ ಇಳಿಬಿಟ್ಟು ಗುಡ್ಡ ಇಳಿದ. ನಾನೂ ಅದೇ ಗುಡ್ಡದ ಮೇಲಿಂದಲೇ ಸಂಪಾದಕರಿಗೆ ರಜೆ ವಿಸ್ತರಣೆ ಕೇಳಿದ್ದು.

ಅತ್ತೆಗೆ ಈಗ ಎಪ್ಪತ್ತರ ಹತ್ತಿರ. ಊರು ಮುಳುಗಿದಾಗ ಏಳು ವರ್ಷದ ಹುಡುಗಿ. ಮೊಮ್ಮಗಳು ಫೇಲಾದ ಸುದ್ದಿ ಕೇಳಿ ಅವರು ಕಣ್ಣೀರು ಹಾಕಲಿಲ್ಲ, ಹಲಸಿನ ಹಪ್ಪಳ ಲಟ್ಟಿಸಲು ಕೂರಿಸಿದರು. 'ಗದ್ದೆ ಮುಳುಗ್ತು ಅಂತ ನಮ್ಮಪ್ಪ ಕೂತಿದ್ನಾ? ಕಾಡು ಕಡಿದು ಇನ್ನೊಂದು ಗದ್ದೆ ಮಾಡಿದ. ನಿಂಗೆ ಒಂದು ಲೆಕ್ಕದ ಪುಸ್ತಕ ಇನ್ನೊಂದ್ಸಲ ಓದಕ್ಕೆ ಆಗದಿಲ್ವಾ?' ಅಂದರು. ಅವರಿಗೆ ಅದು ದೊಡ್ಡ ವಿಷಯವೇ ಅಲ್ಲ.

ಪಕ್ಕದ ತೋಟದ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಬೆಳಿಗ್ಗೆ ಎರಡು ಗಂಟೆ, ಸಾಯಂಕಾಲ ಒಂದು ಗಂಟೆ ಅವರ ಜಗಲಿಯಲ್ಲಿ ಪಾಠ. ಫೀಜು ಕೇಳಿದ್ದಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಜಾಡಿ ಅಂದರು. ಮಗಳಿಗೆ ಗೊತ್ತಿಲ್ಲದ್ದು ಹತ್ತನೇ ಕ್ಲಾಸಿನ ಗಣಿತ ಅಲ್ಲವಂತೆ, ಎಂಟನೇ ಕ್ಲಾಸಿನದ್ದು. ಕೊರೊನಾ ಬಂದ 2020 ಮತ್ತು 2021ರಲ್ಲಿ ಇವಳು ಆರು-ಏಳನೇ ಕ್ಲಾಸು. ಶಾಲೆ ಮುಚ್ಚಿತ್ತು, ನಮ್ಮ ಮನೆಯಲ್ಲಿದ್ದದ್ದು ಒಂದೇ ಫೋನು, ಅದೂ ನನ್ನ ಜೇಬಿನಲ್ಲಿ. ಭಿನ್ನರಾಶಿ ಅಲ್ಲೇ ಕೈಬಿಟ್ಟಿತ್ತು. ಅದರ ಮೇಲೆ ಬೀಜಗಣಿತ ನಿಲ್ಲೋದು ಹೇಗೆ? ಮೇಷ್ಟ್ರು ಒಂದು ವಾರ ಭಿನ್ನರಾಶಿ ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ.

ಒಂದು ರಾತ್ರಿ ಹೆಂಡತಿಗೂ ನಿಜ ಹೇಳಿಬಿಡೋಣ ಅಂತ ಹೊರಟೆ. ಅವಳು ನಕ್ಕಳು. 'ಮದುವೆಗೆ ಮುಂಚೆನೇ ನಮ್ಮಮ್ಮ ಎಲ್ಲ ವಿಚಾರಿಸಿದ್ಲು. ನೀವೇ ಹೇಳ್ತೀರ ಅಂತ ಕಾಯ್ತಿದ್ವಿ.' ಇದಪ್ಪಾ ಸಜಾ ಅಂದರೆ!

ಎರಡನೇ ಸಲ

ಮೇ 26ಕ್ಕೆ ಪರೀಕ್ಷೆ-2 ಶುರುವಾಯಿತು. ಆ ವರ್ಷ ಮುಂಗಾರು ಬೇಗನೇ ಬಂದು ಅದೇ ದಿನಗಳಲ್ಲಿ ರಾಜ್ಯಕ್ಕೆ ಕಾಲಿಟ್ಟಿತ್ತು. ಗಣಿತದ ದಿನ ಮಗಳನ್ನು ಕೊಡೆ ಹಿಡಿದು ಗೇಟಿನ ತನಕ ಬಿಟ್ಟೆ. ಒಳಗೆ ಹೋಗೋ ಮಕ್ಕಳಲ್ಲಿ ಹೆಚ್ಚಿನವರು ಒಬ್ಬೊಬ್ಬರೇ ಬಂದಿದ್ದರು, ತಲೆ ತಗ್ಗಿಸಿಕೊಂಡು. ಮಾರ್ಚಿಯಲ್ಲಿ ಇದೇ ಗೇಟಿನಲ್ಲಿ ಅಪ್ಪ-ಅಮ್ಮಂದಿರ ಜಾತ್ರೆ ಇತ್ತು. ಮೇ ತಿಂಗಳಲ್ಲಿ ಯಾರೂ ಇಲ್ಲ. ನಮ್ಮ ಜಿಲ್ಲೆಯ ಅಪ್ಪ-ಅಮ್ಮಂದಿರಿಗೆ ನಾನು ಹೇಳಬೇಕೆಂದಿರೋದು ಇಷ್ಟೇ. 2024ರಲ್ಲೂ 2025ರಲ್ಲೂ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಇದ್ದವು. ಒಂದರಲ್ಲಿ ಹೋದರೆ ಎರಡು, ಎರಡರಲ್ಲಿ ಹೋದರೆ ಮೂರು, ಪಿಯುಸಿಗೂ ಹಾಗೆಯೇ ಇತ್ತು. ವರ್ಷ ಹಾಳಾಗಲಿಲ್ಲ. ಹಾಳಾಗೋದು ನಾವು ಮಾತು ಬಿಟ್ಟಾಗ. ಮೊದಲನೇ ಸಲ ಗೇಟಿಗೆ ಹೋಗದಿದ್ದರೂ ಪರವಾಗಿಲ್ಲ, ಎರಡನೇ ಸಲ ಹೋಗಿ.

ಜೂನ್‌ನಲ್ಲಿ ಫಲಿತಾಂಶ ಬಂತು, ಮಗಳು ಪಾಸು. ಭಾರೀ ಅಂಕ ಏನಲ್ಲ, ಪಾಸು. ವಾಣಿಜ್ಯ ವಿಭಾಗಕ್ಕೆ ಸೇರಿಸಿದೆ. ಪಕ್ಕದ ಮನೆಗೆ ಸಿಹಿ ಕೊಟ್ಟು ಬಂದದ್ದು ಅವಳೇ.

ಜುಲೈ 14ಕ್ಕೆ ಸಿಗಂದೂರಿನ ಸೇತುವೆ ಉದ್ಘಾಟನೆಯಾಯಿತು. ಲಾಂಚಿಗೆ ಕಾಯುವ ಕಾಲ ಹೋಯಿತು, ಅತ್ತೆ ಊರಿಗೆ ಈಗ ನೀರಿನ ಮೇಲೇ ರಸ್ತೆ. ಮಕ್ಕಳಿಗೆ ಖುಷಿ, ನನಗೂ ಖುಷಿ.

ದಸರಾ ರಜೆಯಲ್ಲಿ ಬಸ್ಸಿನಲ್ಲಿ ಆ ಸೇತುವೆ ದಾಟುವಾಗ ಮಗಳು ಕಿಟಕಿ ಪಕ್ಕ ಕೂತಿದ್ದಳು. ಕೆಳಗೆ ನೀರು ತುಂಬಿತ್ತು. ನಾವು ನಿಂತು ಮಾತಾಡಿದ ಜಾಗ ಹುಡುಕ್ತಿದ್ದಾಳೆ ಅಂದುಕೊಂಡೆ. ಅವಳು ತಿರುಗಿ ಕೇಳಿದಳು:

'ಅಪ್ಪಾ, ಪಿಯುಸಿ ಹೊರಗಿನಿಂದಲೂ ಕಟ್ಟಬಹುದಂತೆ. ಎರಡೇ ವಿಷಯ ಅಲ್ವಾ ನಿಂದು?'

ಮಗ ಕಿವಿಯಿಂದ ಇಯರ್‌ಫೋನು ತೆಗೆದು, ಬಸ್ಸಿಗೆಲ್ಲ ಕೇಳೋ ಹಾಗೆ 'ಅಪ್ಪ ಫೇಲಾ?' ಅಂದ.

ಹೌದಪ್ಪಾ, ಹೌದು. ಇನ್ನು ಮುಚ್ಚಿಡೋದು ಏನಿದೆ, ಪೇಪರಲ್ಲೇ ಬರೆದಾಯ್ತು. ಇಪ್ಪತ್ತು ವರ್ಷದ ಹಿಂದಿನ ವಿಷಯಗಳು ಈಗ ನಡೆಯುತ್ತವೋ, ಹೊಸದಾಗಿ ಎಲ್ಲವನ್ನೂ ಕಟ್ಟಬೇಕೋ ಅಂತ ಕಾಲೇಜಿನ ಗುಮಾಸ್ತರನ್ನು ಕೇಳೋಣ ಅಂತಿದ್ದೇನೆ. ಗೇಟಿನ ತನಕ ತಾನು ಬರ್ತೀನಿ ಅಂತ ಮಗಳು ಹೇಳಿದ್ದಾಳೆ.