ಗೆದ್ದವಳ ಅಳುಕು: ಅಧ್ಯಾತ್ಮ ಎಲ್ಲಿ ಆಸರೆ, ಎಲ್ಲಿ ತೊಡಕು

ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದ ಹುಡುಗಿ, ಪ್ರವೇಶ ಸಮಿತಿಯವರು ಎಲ್ಲೋ ಎಡವಿರಬೇಕು ಎಂದುಕೊಳ್ಳುತ್ತಾಳೆ. ಒಳ್ಳೆಯ ಅಂಕ ಬಂದರೆ ಪ್ರಶ್ನೆಪತ್ರಿಕೆ ಸುಲಭವಿತ್ತು ಎನ್ನುತ್ತಾಳೆ. ಸೆಮಿನಾರ್ ಚೆನ್ನಾಗಿತ್ತೆಂದು ಅಧ್ಯಾಪಕರು ಹೊಗಳಿದರೆ, ಅವರು ಎಲ್ಲರಿಗೂ ಹಾಗೆಯೇ ಹೇಳುತ್ತಾರೆ ಎಂದು ತಳ್ಳಿಹಾಕುತ್ತಾಳೆ. ಇಂದಲ್ಲ ನಾಳೆ ತನ್ನ ಬಂಡವಾಳ ಬಯಲಾಗುತ್ತದೆ ಎಂಬ ಭಯ ಮಾತ್ರ ಅವಳನ್ನು ಬಿಡುವುದಿಲ್ಲ. ಮನೋವಿಜ್ಞಾನದಲ್ಲಿ ಇಂಪೋಸ್ಟರ್ ಭಾವ ಎನಿಸಿಕೊಂಡ ಇದನ್ನು ಇಲ್ಲಿ ಸೋಗಿನ ಅಳುಕು ಎಂದು ಕರೆಯೋಣ. ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ಇದಕ್ಕೆ ಮೊದಲ ಬಾರಿಗೆ ಹೆಸರಿಟ್ಟರು. 150ಕ್ಕೂ ಹೆಚ್ಚು ಯಶಸ್ವಿ ಮಹಿಳೆಯರೊಡನೆ, ಅವರಲ್ಲಿ ಅನೇಕರು ವಿದ್ಯಾರ್ಥಿನಿಯರು, ನಡೆಸಿದ ಮಾತುಕತೆಯೇ ಅವರ ಲೇಖನದ ಆಧಾರ. ಇದನ್ನು ಅವರು ಕಾಯಿಲೆ ಎನ್ನಲಿಲ್ಲ. ಇಂದಿಗೂ ಮಾನಸಿಕ ರೋಗಗಳ ಅಧಿಕೃತ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಆದರೂ ಇದು ಓದುವ ಹೆಣ್ಣುಮಕ್ಕಳ ನಿದ್ದೆ ಕೆಡಿಸುತ್ತದೆ. ಧೈರ್ಯ ತಂದುಕೋ ಎಂದು ಹೇಳಿದಷ್ಟಕ್ಕೇ ಹೋಗುವಂಥದ್ದೂ ಅಲ್ಲ.

ಏಕೆ ಹೋಗುವುದಿಲ್ಲ ಎಂಬುದಕ್ಕೆ ಕ್ಲಾನ್ಸ್ ಕೊಟ್ಟ ವಿವರಣೆ ನಿಧಾನವಾಗಿ ನೋಡುವಂಥದ್ದು. ಪರೀಕ್ಷೆಯೋ ಪ್ರಬಂಧವೋ ಎದುರಾದಾಗ ಮೊದಲು ಆತಂಕ ಹುಟ್ಟುತ್ತದೆ. ಆತಂಕಕ್ಕೆ ಕೆಲವರು ಅಗತ್ಯಕ್ಕಿಂತ ಎರಡು ಪಟ್ಟು ಓದುತ್ತಾರೆ, ಕೆಲವರು ಕೊನೆಯ ರಾತ್ರಿಯವರೆಗೂ ಮುಂದೂಡುತ್ತಾರೆ. ಕೆಲಸ ಹೇಗೋ ಚೆನ್ನಾಗಿಯೇ ಮುಗಿಯುತ್ತದೆ. ಆಗ ಮೊದಲನೆಯವಳು, ಗೇಯ್ದದ್ದರಿಂದ ಬಂತು, ನನ್ನ ಬುದ್ಧಿಯಿಂದಲ್ಲ ಎನ್ನುತ್ತಾಳೆ. ಎರಡನೆಯವಳು, ಅದೃಷ್ಟ ಕೈಹಿಡಿಯಿತು ಎನ್ನುತ್ತಾಳೆ. ಇಬ್ಬರ ಪಾಲಿಗೂ ಗೆಲುವು ತನ್ನ ಖಾತೆಗೆ ಜಮೆಯಾಗುವುದಿಲ್ಲ. ಸೋಲು ಮಾತ್ರ ಪೂರ್ತಿಯಾಗಿ ತನ್ನದೇ. ಹೀಗಾಗಿ ಮುಂದಿನ ಪರೀಕ್ಷೆಗೆ ಆತಂಕ ಮತ್ತೆ ಮೊದಲಿನಿಂದ ಶುರು. ಕ್ಲಾನ್ಸ್ ಮತ್ತು ಐಮ್ಸ್ ಇನ್ನೂ ಒಂದು ಸೂಕ್ಷ್ಮವನ್ನು ಗಮನಿಸಿದ್ದರು. ತಾನು ಫೇಲಾಗುತ್ತೇನೆ ಎಂದು ಅಂದುಕೊಳ್ಳುತ್ತಲೇ ಇರುವುದು ಇಂಥವರಿಗೆ ಒಂದು ಮಾಂತ್ರಿಕ ಆಚರಣೆಯಂತೆ ಆಗಿಬಿಟ್ಟಿರುತ್ತದೆ. ಚಿಂತೆ ಮಾಡಿದ್ದಕ್ಕೇ ಪಾಸಾದೆ, ನಿಶ್ಚಿಂತಳಾಗಿದ್ದರೆ ಕೆಡುತ್ತಿತ್ತು ಎಂಬ ನಂಬಿಕೆ ಅದರ ಅಡಿಯಲ್ಲಿದೆ. ಅಂದರೆ ನಂಬಿಕೆಯ ವಿಷಯ ಈ ಅಳುಕಿಗೆ ಹೊರಗಿನಿಂದ ಬಂದು ಸೇರುವುದಲ್ಲ. ಅಳುಕಿನೊಳಗೇ ಒಂದು ಬಗೆಯ ಭಯಭಕ್ತಿ ಮನೆಮಾಡಿದೆ. ಅಧ್ಯಾತ್ಮದ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ.

ಅದಕ್ಕೆ ಮುನ್ನ, ಇದು ಹೆಣ್ಣುಮಕ್ಕಳದ್ದೇ ತೊಂದರೆಯೇ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. 2020ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಲೇಖನ 62 ಅಧ್ಯಯನಗಳನ್ನು, ಒಟ್ಟು 14 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟಿಗಿಟ್ಟು ನೋಡಿತು. ಸೋಗಿನ ಅಳುಕು ಇರುವವರ ಪ್ರಮಾಣ ಶೇ. 9ರಿಂದ ಶೇ. 82ರವರೆಗೆ ಹರಡಿಕೊಂಡಿತ್ತು, ಅಳೆಯುವ ಕೋಲು ಬದಲಾದಂತೆ ಉತ್ತರವೂ ಬದಲಾಗುತ್ತಿತ್ತು. ಗಂಡು-ಹೆಣ್ಣಿನ ಹೋಲಿಕೆ ಮಾಡಿದ್ದ 33 ಅಧ್ಯಯನಗಳಲ್ಲಿ 16 ಹೆಂಗಸರಲ್ಲಿ ಹೆಚ್ಚು ಎಂದವು, 17 ವ್ಯತ್ಯಾಸವಿಲ್ಲ ಎಂದವು. ಆದ್ದರಿಂದ ಇದು ಹೆಣ್ಣಿನ ಹುಟ್ಟುಗುಣ ಎನ್ನುವುದಕ್ಕೆ ಆಧಾರವಿಲ್ಲ. ಆದರೆ ಹೆಣ್ಣುಮಕ್ಕಳಲ್ಲಿ ಇದು ಬೇರೂರುವ ದಾರಿ ಬೇರೆ. ಕ್ಲಾನ್ಸ್ ಮತ್ತು ಐಮ್ಸ್ ಕಂಡ ಕುಟುಂಬಗಳಲ್ಲಿ ಒಂದು ಬಗೆಯವು, ಮನೆಯ ಬುದ್ಧಿವಂತ ಮಗು ಬೇರೆ ಯಾರೋ ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದವು. ಈ ಹುಡುಗಿಯ ಪಾಲಿಗೆ ಬಂದದ್ದು ಸೂಕ್ಷ್ಮ ಮನಸ್ಸಿನವಳು, ಎಲ್ಲರೊಡನೆ ಬೆರೆಯುವವಳು ಎಂಬ ಬಿರುದು. ಅವಳು ಎಷ್ಟು ಅಂಕ ತಂದರೂ ಮನೆಯ ತೀರ್ಮಾನ ಬದಲಾಗಲಿಲ್ಲ. ಅಣ್ಣ ಚುರುಕು, ಇವಳು ಪಾಪ ಕಷ್ಟಪಟ್ಟು ಓದುತ್ತಾಳೆ ಎನ್ನುವ ಮಾತು ನಮ್ಮ ಮನೆಗಳಿಗೂ ಹೊಸದಲ್ಲ.

ಈ ಮಾತನ್ನು ಇನ್ನೂ ಮುಂದಕ್ಕೊಯ್ದು ಕೆಲವರು ಬಲವಾದ ಆಕ್ಷೇಪ ಎತ್ತಿದ್ದಾರೆ. 2021ರಲ್ಲಿ ಲೇಖಕಿಯರಾದ ರುಚಿಕಾ ತುಲ್ಶ್ಯಾನ್ ಮತ್ತು ಜೋಡಿ-ಆನ್ ಬ್ಯೂರಿ, ಹೆಂಗಸರಿಗೆ ಈ ಹಣೆಪಟ್ಟಿ ಹಚ್ಚುವುದನ್ನು ನಿಲ್ಲಿಸಿ ಎಂದು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದರು. ನೀನು ಇಲ್ಲಿಗೆ ಸೇರಿದವಳಲ್ಲ ಎಂದು ಸಂಸ್ಥೆಯೇ ದಿನವೂ ಸೂಚಿಸುತ್ತಿರುವಾಗ, ಆ ಭಾವನೆಯನ್ನು ಅವಳ ಮನಸ್ಸಿನ ದೋಷವೆನ್ನುವುದು ಅನ್ಯಾಯ ಎಂಬುದು ಅವರ ವಾದ. ಇದು ನಿಜ, ಮತ್ತು ನಮ್ಮಲ್ಲಿ ಇನ್ನೂ ನಿಜ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ದೇಶದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಹೆಣ್ಣುಮಕ್ಕಳು. ದಾಖಲಾತಿ ಅನುಪಾತದಲ್ಲಿ ಅವರು ಶೇ. 28.5, ಗಂಡುಮಕ್ಕಳು ಶೇ. 28.3. ಬಾಗಿಲು ತೆರೆದಿದೆ, ಆದರೆ ಒಳಗಿನ ಗಾಳಿ ಎಲ್ಲರಿಗೂ ಒಂದೇ ಅಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು ಇಂಗ್ಲಿಷಿನ ತರಗತಿಯಲ್ಲಿ ಬಾಯಿಬಿಡಲು ಹೆದರಿದರೆ, ಕೋಟಾದಲ್ಲಿ ಬಂದವಳು ಎಂಬ ಚುಚ್ಚುಮಾತನ್ನು ದಲಿತ ವಿದ್ಯಾರ್ಥಿನಿ ಕೇಳಿಸಿಕೊಂಡು ಕುಗ್ಗಿದರೆ, ಅದನ್ನು ಅವಳ ಒಳಗಿನ ಭ್ರಮೆ ಎನ್ನಲಾಗದು. ಅದು ಹೊರಗಿನಿಂದ ಬಿದ್ದ ಪೆಟ್ಟು. ಅದಕ್ಕೆ ಧ್ಯಾನ ಮದ್ದಲ್ಲ, ಚುಚ್ಚಿದವರನ್ನು ತಡೆಯುವುದೇ ಮದ್ದು. ಅಧ್ಯಾತ್ಮದ ಬಗ್ಗೆ ಮುಂದೆ ಹೇಳುವ ಯಾವ ಮಾತೂ ವಿಶ್ವವಿದ್ಯಾಲಯದ ಹೊಣೆಯನ್ನು ಕಡಿಮೆ ಮಾಡಬಾರದು. ಆದರೆ ಪೆಟ್ಟು ಬಿದ್ದ ಮೇಲೆ ಅದನ್ನು ತನ್ನ ಕುರಿತ ತೀರ್ಪೆಂದು ಒಪ್ಪಿಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಅವಳ ಮುಂದೆ ಉಳಿದೇ ಇರುತ್ತದೆ. ಅಧ್ಯಾತ್ಮಕ್ಕೆ ಕೆಲಸವಿರುವುದು ಅಲ್ಲಿ.

ದೇವರನ್ನು ನಂಬುವವರಿಗೆ ಅಳುಕು ಕಡಿಮೆ ಎಂದು ಸಾರಾಸಗಟಾಗಿ ಹೇಳಿದರೆ ತಪ್ಪಾಗುತ್ತದೆ. ನಂಬುವ ಬಗೆ ಮುಖ್ಯ. ಕೆನೆತ್ ಪಾರ್ಗಮೆಂಟ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 1988ರಲ್ಲಿ ಅಮೆರಿಕದ ಚರ್ಚ್ ಸದಸ್ಯರ ನಡುವೆ ನಡೆಸಿದ ಅಧ್ಯಯನ ಈ ವಿಷಯಕ್ಕೆ ಬೆಳಕು ಚೆಲ್ಲುತ್ತದೆ. ಕಷ್ಟ ಬಂದಾಗ ಆಸ್ತಿಕರು ಮೂರು ರೀತಿ ನಡೆದುಕೊಳ್ಳುತ್ತಾರೆ ಎಂದು ಅವರು ಕಂಡರು: ದೇವರು ಶಕ್ತಿ ಕೊಟ್ಟಿದ್ದಾನೆ, ನಿಭಾಯಿಸುವುದು ನನ್ನ ಕೆಲಸ ಎನ್ನುವವರು; ಎಲ್ಲವನ್ನೂ ಅವನ ಮೇಲೆ ಹಾಕಿ ಕೈಕಟ್ಟಿ ಕೂರುವವರು; ಅವನನ್ನು ಜೊತೆಗಿಟ್ಟುಕೊಂಡು ತಾವೂ ದುಡಿಯುವವರು. ಎರಡನೆಯ ಗುಂಪಿನವರಲ್ಲಿ ತಮ್ಮ ಸಾಮರ್ಥ್ಯದ ಬಗೆಗಿನ ಭರವಸೆ ಕಡಿಮೆಯಿತ್ತು. ಮೊದಲನೆಯ ಮತ್ತು ಮೂರನೆಯ ಗುಂಪಿನವರಲ್ಲಿ ಹೆಚ್ಚಿತ್ತು. ಅದೇ ದೇವರು, ಅದೇ ಪ್ರಾರ್ಥನೆ. ತನ್ನನ್ನು ತಾನು ಎಲ್ಲಿ ಇಟ್ಟುಕೊಂಡಿದ್ದೇನೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಪಾರ್ಗಮೆಂಟ್ ಮುಂದಿನ ವರ್ಷಗಳಲ್ಲಿ ಇನ್ನೊಂದು ಭೇದವನ್ನೂ ಎತ್ತಿ ತೋರಿಸಿದರು. ಸಂಕಟದಲ್ಲಿ ದೇವರನ್ನು ಆಸರೆಯೆಂದು ಕಾಣುವವರು ಚೇತರಿಸಿಕೊಳ್ಳುತ್ತಾರೆ. ಸಂಕಟವನ್ನೇ ದೇವರು ಕೊಟ್ಟ ಶಿಕ್ಷೆಯೆಂದು ಕಾಣುವವರು ಇನ್ನಷ್ಟು ಕುಸಿಯುತ್ತಾರೆ.

ಇದನ್ನು ನಮ್ಮ ಕಾಲೇಜುಗಳ ಪರೀಕ್ಷಾ ದಿನಗಳಿಗೆ ಹಚ್ಚಿ ನೋಡಬಹುದು. ಹಾಲ್ ಟಿಕೆಟ್ಟನ್ನು ದೇವರ ಮುಂದಿಟ್ಟು ಅರಿಶಿನ-ಕುಂಕುಮ ಹಚ್ಚುವುದು, ಪಾಸಾದರೆ ಹಣ್ಣುಕಾಯಿ ಮಾಡಿಸುತ್ತೇನೆಂದು ಹರಕೆ ಹೊರುವುದು ಊರೂರಿನಲ್ಲೂ ಇದೆ. ಹರಕೆಯಲ್ಲಿ ತಪ್ಪೇನೂ ಇಲ್ಲ. ಎದೆ ಡವಗುಟ್ಟುವ ಹುಡುಗಿಗೆ ಅದು ಸಮಾಧಾನ ಕೊಡುತ್ತದೆ. ಆದರೆ ಸೋಗಿನ ಅಳುಕು ಇರುವವಳ ಕೈಯಲ್ಲಿ ಅದರ ಫಲ ಬೇರೆಯಾಗಬಹುದು. ಪಾಸಾದದ್ದು ಹರಕೆಯಿಂದ ಎಂದಾದರೆ, ಅದೃಷ್ಟ ಇದ್ದ ಜಾಗಕ್ಕೆ ದೇವರು ಬಂದು ಕುಳಿತಂತಾಯಿತು, ಅಷ್ಟೇ. ಗೆಲುವು ಆಗಲೂ ಅವಳದ್ದಲ್ಲ. ಮುಂದಿನ ಸೆಮಿಸ್ಟರಿಗೆ ಹರಕೆ ದೊಡ್ಡದಾಗಬೇಕು, ಒಮ್ಮೆ ತಪ್ಪಿದರೆ ಕೇಡಾಗುತ್ತದೆ ಎಂಬ ಭಯವೂ ಸೇರಿಕೊಳ್ಳುತ್ತದೆ. ಚಿಂತೆಯೇ ಪಾಸು ಮಾಡಿಸಿತು ಎಂಬ ಹಳೆಯ ಮಾಂತ್ರಿಕ ನಂಬಿಕೆಗೆ ಇಲ್ಲಿ ಮಡಿ ಉಡಿಸಿದಂತಾಗುತ್ತದೆ. ನಾನು ಓದುತ್ತೇನೆ, ಮನಸ್ಸು ಚದುರದಂತೆ ನೀನು ಜೊತೆಗಿರು ಎಂದು ಕೇಳಿಕೊಳ್ಳುವವಳ ಸ್ಥಿತಿ ಹೀಗಲ್ಲ. ಫಲಿತಾಂಶ ಬಂದಾಗ ಕೃತಜ್ಞತೆಯೂ ಇರುತ್ತದೆ, ಓದಿದ್ದು ನಾನೇ ಎಂಬ ಅರಿವೂ ಇರುತ್ತದೆ.

ಎಲ್ಲವೂ ನಿನ್ನದೇ ಎಂದು ಒಪ್ಪಿಸಿದ ಮೇಲೂ ತನ್ನತನ ಉಳಿಯುವುದು ಸಾಧ್ಯವೇ ಎಂದು ಕೇಳುವವರಿಗೆ ಹನ್ನೆರಡನೆಯ ಶತಮಾನದ ಶರಣೆಯರನ್ನು ತೋರಿಸಬಹುದು. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ಬರವಣಿಗೆ ನಮಗೆ ಉಳಿದುಬಂದಿದೆ. ವಚನದ ಕೊನೆಗೆ ಅವರು ಹಾಕುವುದು ದೇವರ ಅಂಕಿತ. ಅಕ್ಕಮಹಾದೇವಿಗೆ ಅದು ಚೆನ್ನಮಲ್ಲಿಕಾರ್ಜುನ. ಮಾತನ್ನು ದೇವರಿಗೆ ಒಪ್ಪಿಸಿದ್ದರಿಂದ ಆ ಮಾತು ಅಕ್ಕನದ್ದಲ್ಲ ಎಂದು ಯಾರಿಗೂ ಅನ್ನಿಸುವುದಿಲ್ಲ. ಅವಳ ದನಿಯನ್ನು ಸಾವಿರ ದನಿಗಳ ನಡುವೆ ಗುರುತಿಸಬಹುದು. ಶೂನ್ಯಸಂಪಾದನೆಯ ಕಥನದಲ್ಲಿ ಅಲ್ಲಮನು ತುಂಬಿದ ಅನುಭವ ಮಂಟಪದಲ್ಲಿ ಅವಳನ್ನು ಕಟುವಾಗಿ ಪ್ರಶ್ನಿಸುತ್ತಾನೆ. ಅವಳು ಹಿಂಜರಿಯದೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಆಯ್ದಕ್ಕಿ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ತಿದ್ದಿ ಹಿಂದಕ್ಕೆ ಕಳಿಸಿದವಳು. ಈ ಹೆಂಗಸರಿಗೆ ಭಕ್ತಿ ಕುಗ್ಗುವುದನ್ನು ಕಲಿಸಲಿಲ್ಲ. ತಮ್ಮ ಬೆಲೆಯನ್ನು ನಿರ್ಧರಿಸುವ ಹಕ್ಕನ್ನು ಮನೆ, ಜಾತಿ, ಅರಮನೆಗಳ ಕೈಯಿಂದ ತೆಗೆದು ಬೇರೆಡೆಗೆ ಒಯ್ದಿತು. ನನ್ನ ವಾದದ ತಿರುಳು ಇದೇ: ಅಧ್ಯಾತ್ಮ ನೆರವಾಗುವುದು ನೀನು ಬುದ್ಧಿವಂತೆ ಎಂದು ಭರವಸೆ ಕೊಟ್ಟಲ್ಲ, ಬುದ್ಧಿವಂತೆಯೋ ಅಲ್ಲವೋ ಎಂಬುದರ ಮೇಲೆ ನಿನ್ನ ಬದುಕಿನ ಬೆಲೆ ನಿಂತಿಲ್ಲ ಎಂದು ಮನಗಾಣಿಸಿ. ಬೆಲೆಯ ಪ್ರಶ್ನೆ ಪರೀಕ್ಷೆಯಿಂದ ಬೇರೆಯಾದಾಗ, ಪರೀಕ್ಷೆ ಬರಿಯ ಪರೀಕ್ಷೆಯಾಗುತ್ತದೆ. ಗೀತೆ ಹೇಳುವ ಫಲದ ಹಂಬಲವಿಲ್ಲದ ಕರ್ಮವನ್ನೂ ಹೀಗೆಯೇ ಓದಬಹುದು; ಅದು ಕೆಲಸ ತನ್ನದಲ್ಲ ಎನ್ನುವುದಿಲ್ಲ.

ಇಲ್ಲಿ ಆಸ್ತಿಕರ ಕಡೆಯಿಂದಲೇ ಒಂದು ಆಕ್ಷೇಪ ಬರಬಹುದು. ನಮ್ಮ ಪರಂಪರೆ ಅಹಂಕಾರ ಬಿಡು ಎನ್ನುತ್ತದೆ. ತಾನು ಅರ್ಹಳಲ್ಲ ಎಂದುಕೊಳ್ಳುವ ಹುಡುಗಿ ವಿನಯವಂತೆಯಲ್ಲವೇ, ಅದನ್ನೇಕೆ ಕಳೆಯಬೇಕು? ಹೊರನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ವಿನಯವಿದ್ದವಳು ಇದ್ದದ್ದನ್ನು ಇದ್ದಂತೆ ನೋಡುತ್ತಾಳೆ, ತನ್ನ ಬಗ್ಗೆ ಬಹಳ ಯೋಚಿಸುವುದೂ ಇಲ್ಲ. ಅಳುಕಿದವಳು ಹಗಲೂ ಇರುಳೂ ತನ್ನ ಬಗ್ಗೆಯೇ ಯೋಚಿಸುತ್ತಾಳೆ: ಅವರು ಏನಂದುಕೊಂಡರು, ನಾನು ತಡವರಿಸಿದ್ದು ಕಂಡಿತೇ, ನಾಳೆ ಗೈಡ್ ಏನು ಕೇಳುತ್ತಾರೆ. ವಿನಯ ಕೊಡುವ ಬಿಡುಗಡೆ ಅವಳಿಗೆ ದಕ್ಕಿಲ್ಲ. ಹೆಣ್ಣುಮಕ್ಕಳಿಗೆ ಮಾತ್ರ ವಿನಯವನ್ನು ಒತ್ತಿ ಒತ್ತಿ ಹೇಳುವ ಮನೆ ಮತ್ತು ಮಠ ಎರಡೂ ಈ ವ್ಯತ್ಯಾಸವನ್ನು ಮರೆಸುತ್ತವೆ, ಮತ್ತು ಅದರಿಂದ ಆಗುವ ಹಾನಿ ದೊಡ್ಡದು.

ವಿಚಾರವಾದಿಗಳ ಪ್ರಶ್ನೆ ಬೇರೆ. ಯೋಚನೆಯ ದಾರಿ ತಿದ್ದುವುದೇ ಉಪಾಯವಾದರೆ ಆಪ್ತಸಮಾಲೋಚನೆ ಸಾಕಲ್ಲ, ಅಧ್ಯಾತ್ಮ ಯಾಕೆ? ನಂಬಿಕೆಯಿಲ್ಲದವರಿಗೆ ಖಂಡಿತ ಸಾಕು. ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ, 459 ವಿದ್ಯಾರ್ಥಿಗಳ ಅಧ್ಯಯನದಲ್ಲಿ, ತಮ್ಮ ಮೇಲೆ ತಾವೇ ಕರುಣೆ ಇಟ್ಟುಕೊಂಡವರಲ್ಲಿ ಸೋಗಿನ ಅಳುಕು ಕಡಿಮೆಯಿತ್ತು. ಈ ಸ್ವಕರುಣೆಯ ಪರಿಕಲ್ಪನೆಯನ್ನು ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಲ್ಲಿ ಬೌದ್ಧ ಚಿಂತನೆಯಿಂದ ರೂಪಿಸಿದರು. ಎಡವುವುದು ಎಲ್ಲ ಮನುಷ್ಯರ ಪಾಡು, ನನ್ನೊಬ್ಬಳದ್ದಲ್ಲ ಎಂಬ ತಿಳಿವು ಅದರ ಒಂದು ಮುಖ್ಯ ಅಂಗ. ದೇವರಿಲ್ಲದೆಯೂ ಅದನ್ನು ಅಭ್ಯಾಸ ಮಾಡಬಹುದು. ಆದರೆ ನಮ್ಮ ವಿದ್ಯಾರ್ಥಿನಿಯರಲ್ಲಿ ಬಹುಪಾಲು ನಂಬಿಕೆಯ ಮನೆಗಳಿಂದ ಬಂದವರು. ಆ ನಂಬಿಕೆ ಅವರ ಒಳಗೆ ಈಗಾಗಲೇ ಕೆಲಸ ಮಾಡುತ್ತಿದೆ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಮಾಲೋಚಕಿ ಅರ್ಧ ಹುಡುಗಿಯೊಡನೆ ಮಾತಾಡಿದಂತೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಆಸ್ಟಿನ್ ಮತ್ತು ಸಂಗಡಿಗರು 2004ರಲ್ಲಿ 236 ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ಹೊಸ ವಿದ್ಯಾರ್ಥಿಗಳನ್ನು ಪ್ರಶ್ನಿಸಿ, ಅವರಲ್ಲಿ ಒಂದು ಭಾಗವನ್ನು 2007ರಲ್ಲಿ ಮತ್ತೆ ಮಾತಾಡಿಸಿದರು. ಓದಿನ ವರ್ಷಗಳಲ್ಲಿ ಧಾರ್ಮಿಕ ವಿಧಿಗಳಿಗೆ ಹೋಗುವುದು ತಗ್ಗಿತ್ತು, ಒಳಗಿನ ಹುಡುಕಾಟ ಹೆಚ್ಚಿತ್ತು. ಸಮಚಿತ್ತ ಬೆಳೆಸಿಕೊಂಡವರು ಓದಿನಲ್ಲೂ ಮನಸ್ಸಿನ ನೆಮ್ಮದಿಯಲ್ಲೂ ಮುಂದಿದ್ದರು. ಅವರು ಅಳೆದದ್ದು ಸೋಗಿನ ಅಳುಕನ್ನಲ್ಲ. ಆದರೂ ಸಮಚಿತ್ತ ಓದಿಗೆ ಅಡ್ಡಿಯಲ್ಲ, ಅದು ಮಹತ್ವಾಕಾಂಕ್ಷೆಯನ್ನು ಕೊಲ್ಲುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ ಎಂಬುದಕ್ಕೆ ಇದು ಸಾಕ್ಷ್ಯ.

ಈ ಎಲ್ಲ ಸಾಕ್ಷ್ಯಗಳ ಮಿತಿಯನ್ನೂ ಹೇಳಬೇಕು. ಇವು ಜೊತೆಜೊತೆಗೆ ಕಂಡ ಸಂಗತಿಗಳು, ಕಾರಣ-ಪರಿಣಾಮದ ರುಜುವಾತುಗಳಲ್ಲ. ಸಮಾಧಾನ ಇದ್ದವರೇ ಅಧ್ಯಾತ್ಮದತ್ತ ಹೊರಳಿರಲೂಬಹುದು. 2020ರ ಸಮೀಕ್ಷೆಯ ಹೊತ್ತಿಗೆ ಸೋಗಿನ ಅಳುಕಿಗೆ ಯಾವ ಚಿಕಿತ್ಸೆ ಫಲಿಸುತ್ತದೆ ಎಂದು ಪರೀಕ್ಷಿಸಿದ ಒಂದು ಅಧ್ಯಯನವೂ ಅದರ ಲೇಖಕರಿಗೆ ಸಿಕ್ಕಿರಲಿಲ್ಲ. ಹಾಗಾಗಿ ಸದ್ಯಕ್ಕೆ ಕ್ಲಾನ್ಸ್ ಮತ್ತು ಐಮ್ಸ್ 1978ರಲ್ಲೇ ಸೂಚಿಸಿದ ಎರಡು ಅಭ್ಯಾಸಗಳು ಗಮನಕ್ಕೆ ಅರ್ಹ. ಒಂದು, ಹತ್ತು ಮಂದಿ ಒಟ್ಟಿಗೆ ಕೂತು ಈ ಅಳುಕನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು. ಎದುರಿಗೆ ಕೂತ ಜಾಣೆ ತಾನು ದಡ್ಡಿ ಎಂದು ಅಳುವಾಗ, ತನ್ನ ಅಳುಕೂ ಅಷ್ಟೇ ಆಧಾರವಿಲ್ಲದ್ದು ಎಂದು ಕೇಳುವವಳಿಗೆ ಹೊಳೆಯುತ್ತದೆ. ಇನ್ನೊಂದು, ಯಾರಾದರೂ ಮೆಚ್ಚಿದಾಗ ಆ ಮಾತನ್ನೂ, ಅದನ್ನು ತಾನು ಯಾವ ನೆಪ ಹೇಳಿ ತಳ್ಳಿಹಾಕಿದೆ ಎಂಬುದನ್ನೂ ಬರೆದಿಡುವುದು. ನಮ್ಮ ಹುಡುಗಿಯರಿಗೆ ಸಂಜೆಯ ಪ್ರಾರ್ಥನೆಯ ರೂಢಿ ಇದೆ. ಆ ಹೊತ್ತಿನಲ್ಲಿ ಅಂದಿನ ತಪ್ಪುಗಳನ್ನಷ್ಟೇ ನೆನೆಯುವುದು ವಾಡಿಕೆ. ಕ್ರೈಸ್ತ ಸಂತ ಇಗ್ನೇಷಿಯಸ್ ರೂಪಿಸಿದ ಆತ್ಮಶೋಧನೆಯ ಕ್ರಮ ಮಾತ್ರ ಮೊದಲು ಅಂದು ದೊರೆತದ್ದನ್ನು ನೆನೆದು ಆಮೇಲೆ ತಪ್ಪುಗಳಿಗೆ ಬರುತ್ತದೆ. ಹಾಸ್ಟೆಲ್ಲಿನ ಕೋಣೆಯಲ್ಲಿ ಹಣತೆ ಹಚ್ಚುವವಳೋ, ನಮಾಜು ಮುಗಿಸಿದವಳೋ, ಸುಮ್ಮನೆ ಕಣ್ಮುಚ್ಚಿ ಕೂರುವವಳೋ, ತಪ್ಪುಗಳ ಪಟ್ಟಿಗೆ ಹೋಗುವ ಮೊದಲು ಅಂದು ತಾನು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು, ಆದರೆ ಎಂಬ ಪದ ಸೇರಿಸದೆ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬಹುದು.