ಎರಡು ಕಿಲೋ ಕೋಳಿಯ ಮೊದಲ ವಾರ

ಭಾನುವಾರ ಬೆಳಿಗ್ಗೆ ಮುಂಬಯಿಯ ಘಾಟ್ಕೋಪರ್‌ನ ಅಸಲ್ಫಾ ಕಡೆಯ ಚಿಕನ್ ಅಂಗಡಿಯಲ್ಲಿ ಪಂಜರದಿಂದ ಎಳೆದ ಕೋಳಿ ತಕ್ಕಡಿಯ ಮೇಲೆ ಎರಡು ಕಿಲೋ ತೂಗುತ್ತದೆ. ಅದರ ವಯಸ್ಸು ಸಾಮಾನ್ಯವಾಗಿ ಆರು ವಾರ ದಾಟಿರುವುದಿಲ್ಲ. ಇಷ್ಟು ಬೇಗ ಇಷ್ಟು ಮೈ ಬಂದದ್ದು ಹೇಗೆ ಎಂದರೆ, ಸಾಲಿನಲ್ಲಿ ನಿಂತವರಲ್ಲಿ ಒಬ್ಬರಾದರೂ 'ಇಂಜೆಕ್ಷನ್' ಅನ್ನುತ್ತಾರೆ.

ಆ ಮಾತಿನಲ್ಲಿ ಹುರುಳಿಲ್ಲ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಮೇವಿನಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಅರಗಿಹೋಗುತ್ತದೆ. ಐದು ಸಾವಿರ ಕೋಳಿಗಳನ್ನು ಹಿಡಿದು ಹಿಡಿದು ಚುಚ್ಚುತ್ತ ಕೂತರೆ ಯಾವ ರೈತನಿಗೂ ಗಿಟ್ಟುವುದಿಲ್ಲ. ಗುಟ್ಟಿರುವುದು ತಳಿಯಲ್ಲಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ತಳಿಗಳನ್ನು ಒಂದೇ ಬಗೆಯ ಮೇವಿನಲ್ಲಿ ಸಾಕಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56ನೆಯ ದಿನ ಅವು ತೂಗಿದ್ದು ಕ್ರಮವಾಗಿ 905, 1,808 ಮತ್ತು 4,202 ಗ್ರಾಂ!

ಇಂಥ ತಳಿಗೆ ಆಯುಸ್ಸೇ ಆರು ವಾರವಾದಾಗ ಮೊದಲ ಏಳು ದಿನವೆಂದರೆ ಬದುಕಿನ ಆರನೇ ಒಂದು ಪಾಲು.

ಮೊಟ್ಟೆಯೊಡೆದು ಮರಿ ಬರುವುದು 21ನೆಯ ದಿನ. ಅದಕ್ಕೆ ತುಸು ಮೊದಲು, ಮೊಟ್ಟೆಯಲ್ಲಿ ಉಳಿದ ಹಳದಿ ಭಂಡಾರ ಮರಿಯ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಎರಡು ಮೂರು ದಿನದ ಬುತ್ತಿ ಅದು. ಅದರ ಬಲದಲ್ಲೇ ಮರಿಗಳ ಪೆಟ್ಟಿಗೆ ಹ್ಯಾಚರಿಯಿಂದ ದೂರದ ಫಾರ್ಮುಗಳಿಗೆ ಲಾರಿಯಲ್ಲಿ ಹೋಗಿ ಮುಟ್ಟುತ್ತದೆ. ಆದರೆ ಒಂದೇ ತಂಡದ ಮೊಟ್ಟೆಗಳೆಲ್ಲ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ. ಮೊದಲ ಮರಿಗೂ ಕೊನೆಯ ಮರಿಗೂ ಒಂದು ದಿನಕ್ಕಿಂತ ಹೆಚ್ಚು ಅಂತರ ಬೀಳಬಹುದು. ಅದರ ಮೇಲೆ ಲಸಿಕೆ, ಎಣಿಕೆ, ಪ್ರಯಾಣ. ಬೇಗ ಹುಟ್ಟಿದ್ದು ಎರಡು ದಿನ ಉಪವಾಸ. ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದ ನೋಯ್ ಮತ್ತು ಸ್ಕ್ಲಾನ್ 1990ರ ದಶಕದಿಂದ ಇದನ್ನೇ ಬೆನ್ನು ಹತ್ತಿದರು. ಬೇಗ ಮೇವು ಕಂಡ ಮರಿ ಹೊಟ್ಟೆಯ ಭಂಡಾರವನ್ನೂ ಬೇಗ ಬಳಸಿಕೊಳ್ಳುತ್ತದೆ, ಅದರ ಕರುಳೂ ಚುರುಕಾಗಿ ಬೆಳೆಯುತ್ತದೆ ಎಂದು ಕಂಡುಕೊಂಡರು.

ನಮ್ಮ ಶೆಡ್ಡುಗಳಲ್ಲಿ ಇದರ ರೂಪ ಸರಳ. ಭತ್ತದ ಹೊಟ್ಟಿನ ಮೇಲೆ ಹಳೆ ಪತ್ರಿಕೆ ಹಾಸಿ ಮೆಕ್ಕೆಜೋಳದ ನುಚ್ಚು ಚೆಲ್ಲುತ್ತಾರೆ. ಮೊದಲ ಗುಟುಕು ಬೆಲ್ಲದ ಇಲ್ಲವೇ ಗ್ಲೂಕೋಸಿನ ನೀರು. ಆಮೇಲೆ ವಿಟಮಿನ್, ಎಲೆಕ್ಟ್ರೋಲೈಟ್, ಪ್ರೋಬಯಾಟಿಕ್. ಮೊದಲ ವಾರದ ಪ್ರಿ-ಸ್ಟಾರ್ಟರ್ ಮೇವಿನಲ್ಲಿ ಪ್ರೋಟೀನು ಶೇ. 23ರಷ್ಟು, ಮುಂದಿನ ಹಂತಗಳಲ್ಲಿ ಅದಕ್ಕಿಂತ ಕಡಿಮೆ.

ಔಷಧಿ ಅಂಗಡಿಯ ಕಪಾಟಿನಲ್ಲಿ ಇಂಥ ಬಾಟಲಿಗಳಿಗೇನೂ ಬರವಿಲ್ಲ, ಹೆಸರುಗಳೂ ಭರ್ಜರಿ. ಆದರೆ ಮರಿಗಳಿಗೆ ಶಾಖ ಕೊಡುವ ಬ್ರೂಡರ್ ಕೆಳಗೆ 32–33 ಡಿಗ್ರಿ ಶಾಖವಿಲ್ಲದೆ ಮರಿಗಳು ಒಂದರ ಮೇಲೊಂದು ಗುಂಪುಗೂಡಿದ್ದರೆ ಯಾವ ಬಾಟಲಿಯೂ ಕೆಲಸ ಮಾಡದು. ಚಳಿಗೆ ಮುದುಡಿದ ಮರಿ ನೀರಿನ ಹತ್ತಿರವೇ ಸುಳಿಯುವುದಿಲ್ಲ. ಅದಕ್ಕೇ ಅನುಭವಸ್ಥರು ರಾತ್ರಿ ಮರಿಯನ್ನು ಎತ್ತಿಕೊಂಡು ಕುತ್ತಿಗೆಯ ಬುಡದ ಮೇವಿನ ಚೀಲವನ್ನು ಬೆರಳಲ್ಲಿ ಸವರಿ ನೋಡುತ್ತಾರೆ. ಮೆತ್ತಗೆ, ದುಂಡಗೆ ಸಿಕ್ಕಿದರೆ ಮರಿ ತಿಂದಿದೆ, ಕುಡಿದಿದೆ. ಗಟ್ಟಿಯಾಗಿದ್ದರೆ ನೀರು ಸಾಲದು. ಬರಿದಾಗಿದ್ದರೆ ಮೇವು, ನೀರಿನ ದಾರಿಯೇ ಸಿಕ್ಕಿಲ್ಲ. ಬಂದಿಳಿದ 24 ಗಂಟೆಯೊಳಗೆ ನೂರಕ್ಕೆ ತೊಂಬತ್ತೈದಾದರೂ ತುಂಬಿರಬೇಕು.

ಈ ಮೊದಲ ದಿನಗಳ ಹೆಸರಿನಲ್ಲೇ ಆಂಟಿಬಯಾಟಿಕ್ಕೂ ನೀರಿಗೆ ಸೇರುತ್ತಿತ್ತು. ಮನುಷ್ಯರಿಗೆ ಬೇರೆ ಮದ್ದು ನಾಟದಾಗ ಕೊನೆಗೆ ಕೊಡುವ ಕೊಲಿಸ್ಟಿನ್ ಕೂಡ ಕೋಳಿಗಳ ಪಾಲಾಗುತ್ತಿತ್ತು. ಕೇಂದ್ರ ಸರಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಪ್ರೋಬಯಾಟಿಕ್, ಸಾವಯವ ಆಮ್ಲಗಳ ಕಡೆ ಉದ್ಯಮ ವಾಲಿದ್ದರ ಹಿಂದೆ ಇಂಥ ಒತ್ತಡವೂ ಇದೆ.

ಕರಾರು ಸಾಕಣೆಯಲ್ಲಿ ಮರಿ, ಮೇವು, ಔಷಧ ಕಂಪನಿಯದು. ಶೆಡ್ಡು, ಕರೆಂಟು, ದುಡಿಮೆ ರೈತನದು. ಕೂಲಿ ಸಿಗುವುದು ಕಿಲೋ ಲೆಕ್ಕದಲ್ಲಿ, ಮೇವು ಹೆಚ್ಚು ಖರ್ಚಾದರೆ ಅದರಲ್ಲೂ ಕಡಿತ. ಹಾಗಾಗಿ ಏಳನೆಯ ದಿನ ಬೆಳಿಗ್ಗೆ ರೈತನೂ ಒಂದಿಷ್ಟು ಮರಿಗಳನ್ನು ತಕ್ಕಡಿಗೆ ಹಾಕುತ್ತಾನೆ. ಬಂದಾಗ 42 ಗ್ರಾಂ ಇದ್ದದ್ದು ನಾಲ್ಕು ಪಟ್ಟು ದಾಟಿ 170–190 ಮುಟ್ಟಿರಬೇಕು. ಕಡಿಮೆಯಾಗಿದ್ದರೆ ಅಂದೇ ಬ್ರೂಡರ್ ಎತ್ತರ, ನೀರಿನ ಪಾತ್ರೆಗಳ ಲೆಕ್ಕ, ಮೇವಿನ ತಟ್ಟೆಗಳ ಜಾಗ ಎಲ್ಲವೂ ಮತ್ತೆ ತಪಾಸಣೆಗೆ ಬರುತ್ತವೆ.