ಬಡವರೆಷ್ಟು ಎಂಬ ಲೆಕ್ಕ, ಬಡವರಾರು ಎಂಬ ಪಟ್ಟಿ

ನೀತಿ ಆಯೋಗ 2023ರಲ್ಲಿ ಪ್ರಕಟಿಸಿದ ಬಹುಆಯಾಮ ಬಡತನ ಸೂಚ್ಯಂಕದ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಎಂಟು ಮಂದಿಯೂ ಬಡವರಿಲ್ಲ. ಅದು ಕೊಟ್ಟ ಅಂಕಿ ಶೇ 7.58. ಇದೇ ಕರ್ನಾಟಕದಲ್ಲಿ ಬಿಪಿಎಲ್ ಮತ್ತು ಅಂತ್ಯೋದಯ ಕಾರ್ಡ್ ಇರುವ ಕುಟುಂಬಗಳು ಒಂದು ಕೋಟಿಗೂ ಹೆಚ್ಚು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಮೊದಲು ಅನ್ನಿಸುವುದು ಒಂದೇ: ಕಾರ್ಡುಗಳಲ್ಲಿ ಬೋಗಸ್ ತುಂಬಿದೆ. ಬೋಗಸ್ ಇಲ್ಲವೇ ಇಲ್ಲ ಎಂದು ವಾದಿಸುವುದು ಕಷ್ಟ. ಆದರೆ ಗೊಂದಲದ ಬೇರು ಅಲ್ಲಿಲ್ಲ. ಬಡವರು ಎಷ್ಟು ಎಂದು ಅಂದಾಜು ಮಾಡುವುದು ಒಂದು ಕೆಲಸ, ಯಾರು ಎಂದು ಗುರುತಿಸುವುದು ಇನ್ನೊಂದು. ಮೊದಲನೆಯದಕ್ಕೆ ಕೆಲವು ಸಾವಿರ ಮನೆಗಳ ಸಮೀಕ್ಷೆ ಸಾಕು. ಎರಡನೆಯದಕ್ಕೆ ಪ್ರತಿ ಮನೆಯ ಬಾಗಿಲಿಗೂ ಹೋಗಬೇಕು. ನಮ್ಮ ಸರ್ಕಾರಗಳು ದಶಕಗಳಿಂದ ಮೊದಲನೆಯದರ ಉತ್ತರವನ್ನು ಎರಡನೆಯದರ ಮೇಲೆ ಹೇರುತ್ತಾ ಬಂದಿವೆ.

ಅಂದಾಜಿನ ಕಥೆ ಹಳೆಯದು. ದಾದಾಭಾಯಿ ನವರೋಜಿ 1867-68ರ ಬೆಲೆಗಳಲ್ಲಿ, ಒಬ್ಬ ಮನುಷ್ಯ ಬದುಕಿರಲು ವರ್ಷಕ್ಕೆ ಪ್ರಾಂತ್ಯವನ್ನು ಅವಲಂಬಿಸಿ 16ರಿಂದ 35 ರೂಪಾಯಿ ಬೇಕೆಂದು ಲೆಕ್ಕ ಹಾಕಿದ್ದರು. ಸ್ವಾತಂತ್ರ್ಯಾನಂತರ, 1962ರಲ್ಲಿ, ಯೋಜನಾ ಆಯೋಗದ ತಜ್ಞರ ಗುಂಪೊಂದು ತಲೆಗೆ ತಿಂಗಳಿಗೆ 20 ರೂಪಾಯಿ ಎಂದಿತು. ಆ 20 ರೂಪಾಯಿಯಲ್ಲಿ ಶಾಲೆಯ ಖರ್ಚು, ಆಸ್ಪತ್ರೆಯ ಖರ್ಚು ಸೇರಿರಲಿಲ್ಲ. ಅವೆರಡನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಆಗಿನವರದು. ಸರ್ಕಾರ ಪೂರ್ತಿ ನೋಡಿಕೊಳ್ಳಲಿಲ್ಲ, ರೇಖೆ ಮಾತ್ರ ಹಾಗೇ ಉಳಿಯಿತು. ಮುಂದೆ 1971ರಲ್ಲಿ ಪುಣೆಯ ದಾಂಡೇಕರ್ ಮತ್ತು ರಥ್ ದಿನಕ್ಕೆ 2,250 ಕ್ಯಾಲೊರಿಯನ್ನು ಅಳತೆಗೋಲು ಮಾಡಿದರು. 1979ರಲ್ಲಿ ಅಲಘ್ ಕಾರ್ಯಪಡೆ ಅದನ್ನು ಹಳ್ಳಿಗೆ 2,400, ಪೇಟೆಗೆ 2,100 ಎಂದು ಒಡೆಯಿತು. ಹೊಟ್ಟೆಯ ಲೆಕ್ಕದಲ್ಲೇ ಮೂವತ್ತು ವರ್ಷ ಕಳೆಯಿತು.

2009ರಲ್ಲಿ ತೆಂಡೂಲ್ಕರ್ ಸಮಿತಿ ಕ್ಯಾಲೊರಿಗೆ ಜೋತುಬೀಳುವುದನ್ನು ಬಿಟ್ಟು ಶಿಕ್ಷಣ, ಆರೋಗ್ಯದ ಖರ್ಚನ್ನೂ ಒಳಗೆ ತಂದಿತು. ಆದರೆ ಆ ಸಮಿತಿಯ ಹೆಸರು ಜನರ ಬಾಯಿಗೆ ಬಂದದ್ದು ಬೇರೆ ಕಾರಣಕ್ಕೆ. 2011ರ ಸೆಪ್ಟೆಂಬರಿನಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಪೇಟೆಯಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವವನು ಬಡವನಲ್ಲ ಎಂಬ ಅರ್ಥ ಬರುವ ಲೆಕ್ಕವಿತ್ತು. ದೇಶವೇ ನಕ್ಕಿತು, ಆಮೇಲೆ ಸಿಟ್ಟಾಯಿತು. ಇನ್ನೊಂದು ಸಮಿತಿ ಬಂತು. 2011-12ನೇ ಸಾಲಿಗೆ ತೆಂಡೂಲ್ಕರ್ ವಿಧಾನ ತಿಂಗಳಿಗೆ ತಲಾ 816 ರೂಪಾಯಿ (ಹಳ್ಳಿ) ಮತ್ತು 1,000 ರೂಪಾಯಿ (ಪೇಟೆ) ರೇಖೆ ಎಳೆದು ಬಡವರು ಶೇ 21.9 ಎಂದಿತ್ತು. ಅದೇ ಸಾಲಿಗೆ ರಂಗರಾಜನ್ ಸಮಿತಿ 972 ಮತ್ತು 1,407 ರೂಪಾಯಿ ಎಂದು ರೇಖೆ ಎಳೆದು ಶೇ 29.5 ಎಂದಿತು. ದೇಶ ಅದೇ, ವರ್ಷ ಅದೇ. ಸಮಿತಿ ಬದಲಾದದ್ದಕ್ಕೆ ಒಂಬತ್ತು ಕೋಟಿಗೂ ಹೆಚ್ಚು ಜನ ಬಡವರ ಲೆಕ್ಕಕ್ಕೆ ಸೇರಿದರು.

ಅಂದಾಜು ತಪ್ಪಿದರೆ ಪಂಡಿತರು ಜಗಳವಾಡಿಕೊಳ್ಳುತ್ತಾರೆ. ಪಟ್ಟಿ ತಪ್ಪಿದರೆ ಒಲೆ ಉರಿಯುವುದಿಲ್ಲ. ಹಾಗಾಗಿ ಪಟ್ಟಿಯ ಕಡೆ ಹೆಚ್ಚು ನೋಡಬೇಕು.

ಕೇಂದ್ರ ಸರ್ಕಾರ ಹಳ್ಳಿಗಳಲ್ಲಿ ಬಡ ಕುಟುಂಬಗಳನ್ನು ಗುರುತಿಸಲು 1992, 1997 ಮತ್ತು 2002ರಲ್ಲಿ ಗಣತಿ ನಡೆಸಿತು. 1997ರಲ್ಲಿ ಮನೆಯಲ್ಲಿ ಸೀಲಿಂಗ್ ಫ್ಯಾನ್ ಇದ್ದರೂ ಬಡವರ ಪಟ್ಟಿಯಿಂದ ಹೊರಗೆ. 2002ರ ನಮೂನೆ ಇದಕ್ಕಿಂತ ವಿಚಿತ್ರ. ಅದರಲ್ಲಿ 13 ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 4 ಅಂಕ, ಒಟ್ಟು 52. ಕಡಿಮೆ ಅಂಕ ಬಂದಷ್ಟೂ ಹೆಚ್ಚು ಬಡವ. ಒಂದು ಪ್ರಶ್ನೆ ಬಟ್ಟೆಯದು: ಮನೆಯಲ್ಲಿ ತಲೆಗೆ ಎಷ್ಟು ಉಡುಪು? ಎರಡಕ್ಕಿಂತ ಕಡಿಮೆ ಇದ್ದರೆ ಸೊನ್ನೆ, ಹತ್ತು ಅಥವಾ ಹೆಚ್ಚಿದ್ದರೆ ನಾಲ್ಕು. ಇನ್ನೊಂದು ಊಟದ್ದು: ವರ್ಷದ ಬಹುಭಾಗ ದಿನಕ್ಕೆ ಒಂದು ಹೊತ್ತಿನ ಊಟವೂ ಸರಿಯಾಗಿ ಇಲ್ಲದವರಿಗೆ ಸೊನ್ನೆ, ವರ್ಷವಿಡೀ ಸಾಕಷ್ಟು ಊಟ ಇರುವವರಿಗೆ ನಾಲ್ಕು. ಗಣತಿಗೆ ಬಂದ ಮೇಷ್ಟ್ರ ಎದುರು, ನೆರೆಹೊರೆಯವರು ಕೇಳಿಸಿಕೊಳ್ಳುವಂತೆ, ನಮ್ಮ ಮನೆಯಲ್ಲಿ ಒಪ್ಪತ್ತು ಊಟ ಎಂದು ಎಷ್ಟು ಜನ ಹೇಳಿಯಾರು? ಮಾನಕ್ಕೆ ಅಂಜುವವರು ಎರಡು ಹೊತ್ತು ಎನ್ನುತ್ತಾರೆ, ಅಂಕ ಏರುತ್ತದೆ, ಕಾರ್ಡ್ ತಪ್ಪುತ್ತದೆ. ಚಾಲಾಕಿಗಳು ಸೊನ್ನೆ ಬರೆಸಿಕೊಳ್ಳುತ್ತಾರೆ.

ಇದಕ್ಕಿಂತ ದೊಡ್ಡ ಎಡವಟ್ಟು ಅಂಕಗಳಾಚೆ ಇತ್ತು. ಯಾವ ರಾಜ್ಯದಲ್ಲೂ ಬಡ ಕುಟುಂಬಗಳ ಸಂಖ್ಯೆ ಯೋಜನಾ ಆಯೋಗದ ಅಂದಾಜಿಗಿಂತ ಶೇ 10ಕ್ಕಿಂತ ಹೆಚ್ಚಾಗಬಾರದೆಂಬ ಮಿತಿ ಹಾಕಲಾಯಿತು. ಅಂದರೆ ದೆಹಲಿಯಲ್ಲಿ ಮೊದಲೇ ಉತ್ತರ ಬರೆದಿಟ್ಟು, ಆಮೇಲೆ ಹಳ್ಳಿಗೆ ಪ್ರಶ್ನೆಪತ್ರಿಕೆ ಕಳಿಸಿದ್ದು. ಈ ಪದ್ಧತಿಯನ್ನು ಪರಿಶೀಲಿಸಿದ ಎನ್.ಸಿ. ಸಕ್ಸೇನಾ ಸಮಿತಿ 2009ರಲ್ಲಿ ಕೊಟ್ಟ ವರದಿ, ನಿಜವಾದ ಬಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಿಯ ಹೊರಗಿದ್ದಾರೆ ಎಂದಿತು.

ಆದರೂ ಮನೆಯಲ್ಲಿರುವ ಸಾಮಾನು ಎಣಿಸಿ ಬಡತನ ಅಳೆಯುವ ಚಟ ಬಿಡಲಿಲ್ಲ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಬೈಕ್ ಇದ್ದವರು, ಫ್ರಿಜ್ ಇದ್ದವರು ನೇರ ಹೊರಗೆ. 2021ರ ಫೆಬ್ರುವರಿಯಲ್ಲಿ ನಮ್ಮ ಆಹಾರ ಸಚಿವರಾಗಿದ್ದ ಉಮೇಶ ಕತ್ತಿ, ಟಿವಿ, ಫ್ರಿಜ್, ಬೈಕ್ ಇದ್ದವರು ಬಿಪಿಎಲ್ ಕಾರ್ಡ್ ವಾಪಸ್ ಕೊಡಬೇಕೆಂದರು. ಕೂಗು ಎದ್ದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಸೆಕೆಂಡ್ ಹ್ಯಾಂಡ್ ಬೈಕ್ ಈಗ ಗಾರೆ ಕೆಲಸದವನ ಹತ್ಯಾರಗಳಲ್ಲೊಂದು. ಅದಿಲ್ಲದಿದ್ದರೆ ಅವನಿಗೆ ಕೆಲಸವೇ ಸಿಗದು.

ಆದಾಯದ ಮಿತಿಯನ್ನೇ ನೋಡಿ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿ ದಾಟಬಾರದು. 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಆ ಕೂಲಿಯಲ್ಲಿ ವರ್ಷಕ್ಕೆ 165 ದಿನ ದುಡಿದರೆ 1,22,100 ರೂಪಾಯಿ. ಮಿತಿ ದಾಟಿತು! ಸರ್ಕಾರವೇ ನಿಗದಿ ಮಾಡಿದ ಕೂಲಿಯಲ್ಲಿ ಅರ್ಧ ವರ್ಷವೂ ದುಡಿಯದ ದಂಪತಿ ಸರ್ಕಾರದ ಕಣ್ಣಲ್ಲಿ ಬಡವರಲ್ಲ. ಈ ಮಿತಿಯನ್ನು ಪ್ರಾಮಾಣಿಕವಾಗಿ ಪಾಲಿಸಿದರೆ ಕೂಲಿಕಾರರಿಗೇ ಕಾರ್ಡ್ ಉಳಿಯದು. ನಾಡಕಚೇರಿಯ ಆದಾಯ ಪ್ರಮಾಣಪತ್ರಗಳಲ್ಲಿ ಇಷ್ಟೊಂದು ಕುಟುಂಬಗಳ ಗಳಿಕೆ ಮಿತಿಯ ಸ್ವಲ್ಪ ಕೆಳಗೇ ನಿಂತಿರುವುದರ ಗುಟ್ಟು ಇದೇ ಇರಬೇಕು.

ಹಾಗಾದರೆ ನೀತಿ ಆಯೋಗದ ಸೂಚ್ಯಂಕ ಉತ್ತಮವೇ? ಒಂದು ಅರ್ಥದಲ್ಲಿ ಹೌದು. ಆಕ್ಸ್‌ಫರ್ಡ್‌ನ ಸಬೀನಾ ಅಲ್ಕೈರ್ ಮತ್ತು ಜೇಮ್ಸ್ ಫಾಸ್ಟರ್ ರೂಪಿಸಿದ ವಿಧಾನ ಇದರ ತಳಹದಿ. ದುಡ್ಡಿನ ಬದಲು ಪೌಷ್ಟಿಕತೆ, ಮಕ್ಕಳ ಸಾವು, ತಾಯಂದಿರ ಆರೋಗ್ಯ, ಓದು, ಒಲೆಯ ಉರುವಲು, ಶೌಚಾಲಯ, ನೀರು, ವಿದ್ಯುತ್, ಸೂರು, ಬ್ಯಾಂಕ್ ಖಾತೆ ಹೀಗೆ 12 ಸಂಗತಿಗಳಲ್ಲಿ ಇರುವ ಕೊರತೆಯನ್ನು ಅದು ಕೂಡಿಸುತ್ತದೆ. ಲೆಕ್ಕ ಸುಲಭವಾಗಲೆಂದು ಒಟ್ಟು ಅಂಕ 42 ಎಂದಿಟ್ಟುಕೊಳ್ಳಿ. ಮನೆಯಲ್ಲಿ ಅಪೌಷ್ಟಿಕತೆ ಇದ್ದರೆ 7 ಅಂಕ. ಉರುವಲು, ಶೌಚಾಲಯ, ಸೂರು ಮುಂತಾದ ಏಳರಲ್ಲಿ ಪ್ರತಿ ಕೊರತೆಗೂ 2 ಅಂಕ. ಮೂರನೇ ಒಂದು ಭಾಗ, ಅಂದರೆ 14 ಅಂಕ ಮುಟ್ಟಿದರೆ ಮಾತ್ರ ಬಡ ಕುಟುಂಬ. ಈಗ ಒಂದು ಮನೆ: ಮಗು ಅಪೌಷ್ಟಿಕ, ಅಡುಗೆ ಸೌದೆ ಒಲೆಯಲ್ಲಿ, ಶೌಚಾಲಯವಿಲ್ಲ, ಮಣ್ಣಿನ ನೆಲದ ಮನೆ. ಕೂಡಿಸಿದರೆ 13. ಈ ಕುಟುಂಬ ಬಡ ಕುಟುಂಬವಲ್ಲ! ಕರೆಂಟು ಬಂದಿದೆ, ಖಾತೆ ತೆರೆದಿದೆ, ಮಕ್ಕಳು ಶಾಲೆಗೆ ಹೋಗುತ್ತವೆ, ಅಷ್ಟು ಸಾಕು. ಶೇ 7.58 ಎಂಬ ಅಂಕಿ ಸುಳ್ಳಲ್ಲ, ಆದರೆ ಅದು ಅತಿ ಕಷ್ಟದಲ್ಲಿರುವವರ ಅಂಕಿ. ಜಿಲ್ಲೆ ಜಿಲ್ಲೆಗಳ ನಡುವೆ ಹಣ ಹಂಚುವುದಕ್ಕೆ, ಯಾದಗಿರಿಗೆ ಮೊದಲು ಏನು ಬೇಕು ಎಂದು ನಿರ್ಧರಿಸುವುದಕ್ಕೆ ಇದು ಚೆನ್ನಾಗಿ ಒದಗುತ್ತದೆ. ಪಡಿತರ ಕಾರ್ಡ್ ಕಿತ್ತುಕೊಳ್ಳಲು ಇದನ್ನು ನೆಪ ಮಾಡಿದರೆ ಆ 13 ಅಂಕದ ಮನೆಗೆ ಅನ್ಯಾಯವಾಗುತ್ತದೆ.

ಯುರೋಪಿನಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಬ್ರಿಟನ್ನಿನ ಪೀಟರ್ ಟೌನ್‌ಸೆಂಡ್ 1979ರಲ್ಲಿ, ಸುತ್ತಲಿನ ಸಮಾಜದಲ್ಲಿ ಮಾಮೂಲಾದ ಬದುಕಿನಿಂದ ಹೊರಗುಳಿಯುವುದೇ ಬಡತನ ಎಂದು ವಾದಿಸಿದ್ದರು. ಅದರ ಬೆನ್ನಿಗೇ 1983ರಲ್ಲಿ ಜೊವಾನಾ ಮ್ಯಾಕ್ ಮತ್ತು ಸ್ಟುವರ್ಟ್ ಲ್ಯಾನ್ಸ್‌ಲಿ, ಯಾವುದು ಅಗತ್ಯ ಎಂಬುದನ್ನು ಪರಿಣತರ ಬದಲು ಸಾಮಾನ್ಯ ಜನರನ್ನೇ ಕೇಳಿದರು. ಈಗ ಐರೋಪ್ಯ ಒಕ್ಕೂಟದಲ್ಲಿ 13 ಸಂಗತಿಗಳ ಪಟ್ಟಿಯಿದೆ: ದಿಢೀರ್ ಖರ್ಚು ಬಂದರೆ ನಿಭಾಯಿಸಲು ಆಗುತ್ತದೆಯೇ, ಎರಡು ಜೊತೆ ಚಪ್ಪಲಿ-ಬೂಟು ಇವೆಯೇ, ಗೆಳೆಯರೊಂದಿಗೆ ಸೇರಿ ಉಣ್ಣಲು ಆಗುತ್ತದೆಯೇ. ಏಳಕ್ಕೆ ಇಲ್ಲವೆಂದರೆ ತೀವ್ರ ಕೊರತೆ. ಪ್ರಶ್ನೆ ಕೇಳುವ ರೀತಿಯಲ್ಲಿ ನಾವು ಕಲಿಯಬೇಕಾದದ್ದಿದೆ. ಒಂದು ವಸ್ತು ಇಲ್ಲ ಎಂದರೆ ಅಷ್ಟಕ್ಕೇ ಬಿಡುವುದಿಲ್ಲ; ಬೇಡವೆಂದು ಇಲ್ಲವೋ, ಕೈಲಾಗದೆ ಇಲ್ಲವೋ ಎಂದು ಕೇಳುತ್ತಾರೆ. ಕೈಲಾಗದ್ದನ್ನು ಮಾತ್ರ ಎಣಿಸುತ್ತಾರೆ.

ಅಂಥ ಪಟ್ಟಿಯನ್ನು ನಮ್ಮ ಗ್ರಾಮಸಭೆಗಳಲ್ಲಿ ಕೇಳಿ ಮಾಡಿದರೆ ಅದರಲ್ಲಿ ಫ್ರಿಜ್ ಇರಲಿಕ್ಕಿಲ್ಲ. ಹಬ್ಬಕ್ಕೆ ಮಕ್ಕಳಿಗೆ ಹೊಸ ಬಟ್ಟೆ ತರಲಾಗುತ್ತದೆಯೇ, ಆಸ್ಪತ್ರೆಗೆ ಸೇರಿದರೆ ಬಡ್ಡಿ ಸಾಲ ಮಾಡದೆ ಹೊರಬರಬಹುದೇ, ನೆಂಟರ ಮದುವೆಗೆ ಮುಯ್ಯಿ ಮಾಡಲು ದುಡ್ಡಿದೆಯೇ, ಮಗಳನ್ನು ಪಿಯುಸಿ ಮುಗಿಯುವವರೆಗೆ ಓದಿಸಲು ಆಗುತ್ತದೆಯೇ ಎಂಬ ಪ್ರಶ್ನೆಗಳು ಬರಬಹುದು. (ತವರಿಗೆ ಹೋಗಲು ಬಸ್ ಚಾರ್ಜು ಇದೆಯೇ ಎಂಬುದೂ ಸೇರುತ್ತಿತ್ತೇನೋ, 2023ರ ಜೂನ್‌ನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದ್ದರಿಂದ ಆ ಚಿಂತೆ ಇಲ್ಲ.) ಇದು ಪಡಿತರ ಕಾರ್ಡಿಗೆ ಅರ್ಜಿಯ ನಮೂನೆಯಾಗಬಾರದು. ಸವಲತ್ತು ಸಿಗುತ್ತದೆಂದರೆ ಯಾರೂ ನಿಜ ಹೇಳರು. ಸಮೀಕ್ಷೆಯಾಗಿ ಮಾಡಿ, ಯಾವ ಯೋಜನೆಯಿಂದ ಯಾವ ಕೊರತೆ ತುಂಬಿತು ಎಂದು ತಿಳಿಯಲು ಬಳಸಬೇಕು.

ಅಕ್ಕಿಯ ವಿಷಯಕ್ಕೆ ಬಂದರೆ, 2013ರ ಆಹಾರ ಭದ್ರತಾ ಕಾಯ್ದೆ ಬಡತನ ರೇಖೆಯನ್ನು ಆಗಲೇ ಕೈಬಿಟ್ಟಿದೆ. ದೇಶದ ಹಳ್ಳಿಗರಲ್ಲಿ ಶೇ 75, ಪೇಟೆಯವರಲ್ಲಿ ಶೇ 50ರವರೆಗೆ ಧಾನ್ಯ ಕೊಡಬೇಕೆಂದು ಅದು ಹೇಳುತ್ತದೆ. ಬಿಪಿಎಲ್ ಎಂಬ ಹಳೆಯ ಹೆಸರು ನಮ್ಮಲ್ಲಿ ಉಳಿದಿದೆ ಅಷ್ಟೆ. ಕಾರ್ಡುಗಳ ಸಂಖ್ಯೆ ಬಡವರ ಸಂಖ್ಯೆಗಿಂತ ಎಷ್ಟೋ ಪಟ್ಟು ಇರುವುದು ಕಾನೂನಿನ ಉದ್ದೇಶವೇ ಹೊರತು ಹಗರಣವಲ್ಲ. ಇದನ್ನು ಮರೆತದ್ದಕ್ಕೇ 2024ರ ನವೆಂಬರಿನಲ್ಲಿ ಕಾರ್ಡುಗಳನ್ನು ಎಪಿಎಲ್‌ಗೆ ಬದಲಾಯಿಸಿ ಗದ್ದಲವಾದದ್ದು, ಆಮೇಲೆ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ಮರಳಿಸುವುದಾಗಿ ಸರ್ಕಾರ ಹೇಳಬೇಕಾಗಿ ಬಂದದ್ದು.

ಕಾರ್ಡ್ ರದ್ದು ಮಾಡುವ ಮುನ್ನ ಮನೆಗೆ ನೋಟಿಸ್ ಹೋಗಲಿ, ಹೆಸರನ್ನು ಗ್ರಾಮಸಭೆಯಲ್ಲಿ ಓದಲಿ. ಅನರ್ಹರೆಂದು ಸಾಬೀತು ಮಾಡುವ ಹೊಣೆ ಕಚೇರಿಯದ್ದಾಗಲಿ. ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯುವ ಹೊಣೆ ಹೆಂಗಸರದ್ದಾಗದಿರಲಿ. ಆದಾಯದ ಮಿತಿಯನ್ನು ಕೂಲಿ ದರಕ್ಕೆ ಜೋಡಿಸಿ ಪ್ರತಿ ವರ್ಷ ಏರಿಸಲಿ. ಇನ್ನು ಕೇಂದ್ರ ನಿಗದಿ ಮಾಡಿರುವ ಫಲಾನುಭವಿಗಳ ಸಂಖ್ಯೆ 2011ರ ಜನಗಣತಿಯ ಲೆಕ್ಕದಲ್ಲೇ ನಿಂತಿದೆ. ಹೊಸ ಜನಗಣತಿಯ ಅಂಕಿಗಳು ಬಂದ ಕೂಡಲೇ ಮೊದಲು ತಿದ್ದಬೇಕಾದದ್ದು ಅದನ್ನು.